ಒಳಗೆ ಬಿಟ್ಟ ಬಟ್ಟೆ

ನೀಲಿ ಅಂಗಿಯ ಮೂರನೇ ಗುಂಡಿ ಹಾಕುವಾಗ ಅವಳ ಕೈ ನಿಂತಿತು. ಅಂಗಿ ಗಂಡನ ಮೈಗೆ ಹೇಳಿ ಮಾಡಿಸಿದಂತೆ ಕೂತಿತ್ತು.

ಕೂರಬಾರದಿತ್ತು. ಆರು ವರ್ಷದ ಹಿಂದೆ ಮಗಳ ಮದುವೆಗೆಂದು ಅವನೇ ಹೊಲಿದುಕೊಂಡ ಅಂಗಿ. ಆಗ ಅವನಿಗೆ ಹೊಟ್ಟೆಯಿತ್ತು, ತುಂಬಿದ ಭುಜವಿತ್ತು. ಈಗ ಮಂಚದ ಮೇಲಿರುವವನ ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸಬಹುದು. ಅಂಗಿ ಜೋತಾಡಬೇಕಿತ್ತು.

"ಎಷ್ಟು ಚೆನ್ನಾಗಿ ಒಪ್ತಿದೆ ನೋಡಿ ಅತ್ತಿಗೆ," ಎಂದಳು ನಾದಿನಿ, ಅಣ್ಣನ ತೋಳು ಸರಿಪಡಿಸುತ್ತ. "ನಮ್ಮಣ್ಣ ಕೊನೇವರೆಗೂ ಠಾಕುಠೀಕು."

"ಅದನ್ನೇ ನಾನೂ ನೋಡ್ತಿರೋದು."

ಅವಳು ಅಂಗಿಯ ಪಕ್ಕದ ಅಂಚನ್ನು ಮಗುಚಿದಳು. ಒಳಗೆ ಒಂದರ ಪಕ್ಕ ಒಂದು, ಬೆರಳಗಲ ಬಿಟ್ಟು, ಮೂರು ಸಾಲು ಹೊಲಿಗೆ. ಕೈಹೊಲಿಗೆ. ಗಂಡ ಪಕ್ಕದ ಹೊಲಿಗೆಗೆ ಮಿಷನ್ ಬಿಟ್ಟು ಬೇರೇನೂ ಮುಟ್ಟಿಸಿದವನಲ್ಲ. ಮೂವತ್ತು ವರ್ಷ ದರ್ಜಿಯ ಹೆಂಡತಿಯಾಗಿದ್ದವಳಿಗೆ ಅಷ್ಟು ಗೊತ್ತಾಗದೇ? ಇದು ಸಣ್ಣ, ಒತ್ತೊತ್ತಾದ ಹೊಲಿಗೆ. ಹೆಣ್ಣಿನ ಕೈ.

ಗಂಡ ಸತ್ತ ದಿನವೂ ಅನುಮಾನವೇ ಎಂದು ತನ್ನ ಮೇಲೆಯೇ ಅವಳಿಗೆ ಸಿಟ್ಟು ಬಂತು. ಆದರೂ ಬಾಗಿಲ ಸಂದಿಯಿಂದ ಹಜಾರದತ್ತ ಕಣ್ಣು ಹಾಯಿಸಿದಳು. ಬಂದ ಹೆಂಗಸರಲ್ಲಿ ಯಾರು ಹೆಚ್ಚು ಅಳುತ್ತಿದ್ದಾರೆ, ಯಾರು ಅಳುವುದನ್ನು ತಡೆಯುತ್ತಿದ್ದಾರೆ ಎಂದು ಒಬ್ಬೊಬ್ಬರನ್ನೇ ನೋಡಿದಳು.

*

ಶುರುವಾದದ್ದು ಹೋದ ವರ್ಷ, ತಟ್ಟೆಯಿಂದ. ಊಟದಿಂದ ಗಂಡ ಅರ್ಧಕ್ಕೇ ಏಳುತ್ತಿದ್ದ. ಕೇಳಿದರೆ "ಅಂಗಡೀಲಿ ಏನೋ ತಿಂದೆ ಕಣೇ" ಎನ್ನುತ್ತಿದ್ದ. ತಿನ್ನುವ ಎರಡು ತುತ್ತಿಗೂ ಗುಟುಕು ಗುಟುಕು ನೀರು. ತುತ್ತು ಇಳಿಯುವಾಗ ಗೋಡೆ ಕಡೆ ಮುಖ ಮಾಡುತ್ತಿದ್ದ. ಹೆಂಡತಿಯ ಮುಖ ನೋಡಲಾರದೆ ಎಂದುಕೊಂಡಳು ಅವಳು.

ಹೊಟ್ಟೆ ಕರಗಿತು. ಈ ವಯಸ್ಸಿನಲ್ಲಿ ಯಾರಿಗೋಸ್ಕರ? ಅಂಗಿಗಳು ಒಂದು ಸುಕ್ಕಿಲ್ಲದೆ ಮೈಗೆ ಒಪ್ಪುತ್ತಿದ್ದವು. ಮಗಳ ಮದುವೆಯ ನಂತರ ಪೆಟ್ಟಿಗೆಯಲ್ಲೇ ಇದ್ದ ನೀಲಿ ಅಂಗಿಯನ್ನೂ ತೆಗೆದು ದಿನಾ ಹಾಕತೊಡಗಿದ್ದ. ಒಗೆಯುವ ಮುಂಚೆ ಅವಳು ಪ್ರತಿಯೊಂದರ ಕಾಲರನ್ನೂ ಮೂಸಿದಳು. ಕಾಲರ್ ಮೂಸಿದವಳು ಅಂಗಿಯ ಒಳಗನ್ನು ಒಂದೇ ಒಂದು ಸಲ ಮಗುಚಿ ನೋಡಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಅವನ ಅಂಗಡಿಯಲ್ಲಿ ಗುಂಡಿ ತೂರುವ ಕಾಜಾ ಹೊಲಿದು, ಗುಂಡಿ ಕೂರಿಸುವ ಹೆಂಗಸು ಮನೆ ಬಾಗಿಲಿಗೆ ಬಂದಳು. ಅವನಿಗಿಂತ ಹತ್ತು ವರ್ಷ ಚಿಕ್ಕವಳು.

"ಅಕ್ಕ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕಿತ್ತು. ಯಜಮಾನ್ರ ವಿಷಯ."

"ನನ್ನ ಗಂಡನ ವಿಷಯ ನೀನು ನಂಗೆ ಹೇಳ್ತೀಯಾ?"

"ಹಾಗಲ್ಲ ಅಕ್ಕ..."

"ಏನಿದ್ರೂ ಅಂಗಡೀಲೇ ಇಟ್ಕೋ. ಮನೆ ಮೆಟ್ಟಿಲು ಹತ್ಬೇಡ."

ಮುಖಕ್ಕೆ ಬಾಗಿಲು ಹಾಕಿ ಕಿಟಕಿಯಿಂದ ನೋಡಿದಳು. ಆ ಹೆಂಗಸು ಸ್ವಲ್ಪ ಹೊತ್ತು ಮೆಟ್ಟಿಲ ಮೇಲೇ ನಿಂತಿದ್ದು, ಆಮೇಲೆ ಹೋದಳು. ಅಂದು ರಾತ್ರಿ ಅವಳು ಗಂಡನಿಗೆ ಏನೂ ಹೇಳಲಿಲ್ಲ. ತಾನೇ ಕಂಡುಹಿಡಿಯುತ್ತೇನೆ ಎಂಬ ಹಟ.

ಕಂಡುಹಿಡಿದದ್ದು ಡಾಕ್ಟರು, ಎಂಟು ತಿಂಗಳಾದ ಮೇಲೆ, ಅವನಿಗೆ ನೀರೂ ಇಳಿಯದಾದಾಗ. ಅನ್ನನಾಳದಲ್ಲಿ ಗಡ್ಡೆ. "ಆರೇಳು ತಿಂಗಳು ಮುಂಚೆ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು" ಎಂದರು. ಆಸ್ಪತ್ರೆ ಸೇರಿ ಹದಿನೆಂಟನೇ ದಿನಕ್ಕೆ ಮುಗಿದುಹೋಯಿತು.

*

ಹಜಾರದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಅವಳನ್ನು ಕಂಡು ಎದ್ದು ನಿಂತರು.

"ನಾನು ಬದುಕಿರೋದೇ ಇವರಿಂದ ತಾಯಿ. ಮೂರು ವರ್ಷದ ಹಿಂದೆ ಪ್ಯಾಂಟಿಗೆ ಅಳತೆ ಕೊಡೋಕೆ ಹೋಗಿದ್ದೆ. ಸೊಂಟಕ್ಕೆ ಟೇಪು ಸುತ್ತಿದವರು ಹಳೇ ಅಳತೆ ತೆಗೆದು ನೋಡಿದ್ರು. 'ಮೇಷ್ಟ್ರೇ, ಮೂರು ಇಂಚು ಎಲ್ಲಿ ಬಿಟ್ಟು ಬಂದ್ರಿ? ವಾಕಿಂಗು ಗೀಕಿಂಗು ಶುರು ಮಾಡಿದೀರಾ?' ಅಂದ್ರು. ಇಲ್ಲಪ್ಪ ಅಂದೆ. 'ಹಾಗಾದ್ರೆ ಪ್ಯಾಂಟು ಆಮೇಲೆ. ತಾನಾಗೇ ಇಳಿಯೋ ಮೈ ಒಳ್ಳೇದಲ್ಲ, ಮೊದಲು ಡಾಕ್ಟ್ರ ಹತ್ರ ನಡೀರಿ' ಅಂತ ಬಟ್ಟೆ ತಗೊಳ್ಳಲೇ ಇಲ್ಲ. ಕರುಳಲ್ಲಿ ಗಂಟಿತ್ತು. ಸಣ್ಣದಿರುವಾಗಲೇ ತೆಗೆದ್ರು."

ಅವಳು ಒಳಗಿನ ಮಂಚದತ್ತ ನೋಡಿದಳು. ಪರರ ಮೂರು ಇಂಚು ಹಿಡಿದವನಿಗೆ ತನ್ನದು ತಿಳಿಯಲಿಲ್ಲವೆ? ತಿಳಿದಿತ್ತು. ತಿಳಿದೇ ಮುಚ್ಚಿಟ್ಟಿದ್ದ. ಹಾಗಾದರೆ ಮುಚ್ಚಿಡಲು ಕೈಜೋಡಿಸಿದವಳು ಯಾರು?

ಚಪ್ಪಲಿ ಬಿಡುವಲ್ಲಿ, ಎಲ್ಲರಿಗಿಂತ ಹಿಂದೆ, ಕಾಜಾದವಳು ನಿಂತಿದ್ದಳು. ಮೆಟ್ಟಿಲು ಹತ್ತಿರಲಿಲ್ಲ. ಅವಳು ಸೀದಾ ಹೋಗಿ ಆ ಹೆಂಗಸಿನ ರಟ್ಟೆ ಹಿಡಿದು ಒಳಗೆ ಕರೆತಂದಳು. ನಾದಿನಿ ಬಾಯಿ ತೆರೆದು ನೋಡುತ್ತ ಉಳಿದಳು.

"ಈ ಹೊಲಿಗೆ ನಿಂದಾ?"

ಕಾಜಾದವಳು ಅಂಗಿಯ ಅಂಚು ನೋಡಿದಳು. "ನಂದೇ ಅಕ್ಕ."

"ಅವರಿಗೇ ಬರ್ತಿರಲಿಲ್ವಾ?"

"ತನ್ನ ಅಳತೆ ತಾನು ತಗೊಳ್ಳೋಕೆ ಯಾವ ದರ್ಜಿಗೂ ಆಗಲ್ಲ. ಮೈ ಇಳಿದಾಗೆಲ್ಲ ಟೇಪು ಕೈಗೆ ಕೊಟ್ಟು, 'ಇನ್ನೊಂದು ಸಾಲು ಹಿಡಿದು ಹೊಲಿ, ಮನೇಲಿ ಗೊತ್ತಾಗಬಾರದು, ಸುಮ್ಮನೆ ಗಾಬರಿ ಆಗ್ತಾಳೆ' ಅಂದ್ರು. ಡಾಕ್ಟ್ರಿಗೆ ತೋರಿಸಿ ಅಂದೆ. ಯೂನಿಫಾರ್ಮ್ ಕೆಲಸ ಮುಗೀಲಿ, ಚಳಿ ಕಳೀಲಿ... ಬರೀ ಇದೇ. ಮೇಷ್ಟ್ರನ್ನ ಡಾಕ್ಟ್ರ ಹತ್ರ ಓಡಿಸಿದೋರು ತಾವು ಹೋಗೋಕೆ ಹೆದರಿದ್ರು ಅಕ್ಕ."

"ಮಿಷನ್ ಯಾಕೆ ಹಾಕ್ಲಿಲ್ಲ?"

"ಅವರೇ ಬೇಡ ಅಂದ್ರು. 'ಒಂದಿಂಚೂ ಕತ್ತರಿಸ್ಬೇಡ, ಮಡಿಚಿ ಒಳಗೇ ಬಿಡು. ಕೈಹೊಲಿಗೆ ಆದ್ರೆ ಮೈ ಬಂದ್ಮೇಲೆ ಸಲೀಸಾಗಿ ಬಿಚ್ಚಬಹುದು' ಅಂದ್ರು."

ಹೊರಗೆ ವ್ಯಾನ್ ಬಂದು ನಿಂತ ಸದ್ದಾಯಿತು. ಅವಳು ಮುಂದಿನ ಮಾತನ್ನು ಕೇಳುವ ಮುಂಚೆಯೇ ಉತ್ತರ ಅವಳಿಗೆ ಗೊತ್ತಿತ್ತು. ಆದರೂ ಕೇಳಿದಳು.

"ಅವತ್ತು ಮನೆಗೆ ಬಂದಿದ್ಯಲ್ಲ. ಏನು ಹೇಳೋಕೆ?"

ಕಾಜಾದವಳು ತಲೆ ತಗ್ಗಿಸಿದಳು. ಬೆರಳು ಮಾತ್ರ ಮೊದಲ ಸಾಲಿನ ಮೇಲೆ ನಿಂತಿತು. "ಇದನ್ನ ಹೊಲಿದ ಮಾರನೇ ದಿನ ಅಕ್ಕ."

ನಾದಿನಿ ತಲೆಬಾಗಿಲಿಂದ ಕೂಗಿದಳು. "ಅತ್ತಿಗೆ, ಹೊತ್ತಾಯ್ತಂತೆ."

"ಇನ್ನೂ ಬಟ್ಟೆ ಹಾಕಿ ಆಗಿಲ್ಲ. ಕಾಯೋಕೆ ಹೇಳು."

ಗೂಡಿನಲ್ಲಿದ್ದ ಗಂಡನ ಡಬ್ಬಿಯಿಂದ ಅವಳು ಎರಡು ಬ್ಲೇಡ್ ತೆಗೆದಳು. ಒಂದನ್ನು ತಾನಿಟ್ಟುಕೊಂಡು ಇನ್ನೊಂದನ್ನು ಕಾಜಾದವಳ ಮುಂದೆ ಹಿಡಿದಳು. ಮಂಚದ ಆ ಬದಿಗೆ ಒಬ್ಬಳು, ಈ ಬದಿಗೆ ಒಬ್ಬಳು ಕೂತರು. ಮೂರನೇ ಸಾಲು ಬಿಚ್ಚಿತು, ಎರಡನೆಯದು ಬಿಚ್ಚಿತು. ಮೊದಲನೆಯದಕ್ಕೆ ಬಂದಾಗ ಅವಳು ಆ ಸಾಲಿನ ಮೇಲೆ ಬೆರಳಾಡಿಸಿದಳು, ಎದುರಿನವಳು ಕಾದಳು. ಆಮೇಲೆ ಅದೂ ಬಿಚ್ಚಿತು. ಹೊರಗಿನ ಬಟ್ಟೆ ಬಿಸಿಲಿಗೆ ಮಾಸಿತ್ತು. ಒಳಗೆ ಮಡಿಚಿಟ್ಟದ್ದು ಇನ್ನೂ ಮದುವೆಯ ದಿನದ ನೀಲಿಯಾಗಿಯೇ ಇತ್ತು. ಅದು ಮಂಚದ ಎರಡೂ ಬದಿಗೆ ಅಗಲವಾಗಿ ಹರಡಿಕೊಂಡಿತು, ನಡುವೆ ಅವನು.