ಹಸಿರು ದೀಪ ಹೇಳಿದ ಸುಳ್ಳು

ಯಂತ್ರ ಮನೆಗೆ ಬಂದು ನಾಲ್ಕು ದಿನವಾಗಿತ್ತು. ಗಾಳಿಯಿಂದ ಆಮ್ಲಜನಕ ಸೋಸಿ, ನಳಿಗೆಯಲ್ಲಿ ಮೂಗಿಗೆ ಕಳಿಸುವ ಯಂತ್ರ. ಹಸಿರು ದೀಪ ಹಗಲಿರುಳು ಉರಿಯುತ್ತಿತ್ತು. ಅಮ್ಮನ ಉಸಿರು ಮಾತ್ರ ದಿನದಿಂದ ದಿನಕ್ಕೆ ಕುಗ್ಗುತ್ತಿತ್ತು.

ಮಗ ಮಿಕ್ಸಿ, ಫ್ಯಾನು ರಿಪೇರಿ ಮಾಡುವವನು. ಬೀದಿಯವರಿಗೆಲ್ಲ ಅವನು ‘ಸ್ಕ್ರೂ ಅಣ್ಣ’. ಅಮ್ಮನ ಶ್ವಾಸಕೋಶ ಸೋತಿದೆ, ಮನೆಯಲ್ಲೇ ಆಕ್ಸಿಜನ್ ಕೊಡಿ ಎಂದು ಡಾಕ್ಟರು ಹೇಳಿದ್ದರು. ಯಂತ್ರ ಮಾರುತ್ತ ವ್ಯಾನಿನಲ್ಲಿ ಬಂದವನ ಹತ್ತಿರ ಇದು ಅಗ್ಗಕ್ಕೆ ಸಿಕ್ಕಿತ್ತು.

ಆ ಮಧ್ಯಾಹ್ನ ತಂಗಿ ಓಡೋಡಿ ಬಂದಳು. ಆಸ್ಪತ್ರೆಯ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಅವಳದು. ಫೋನಿನಲ್ಲಿ ಅಮ್ಮನ ದನಿ ಕೇಳಿಯೇ ಆಟೋದಲ್ಲಿ ಸಣ್ಣ ಸಿಲಿಂಡರ್ ಹಾಕಿಕೊಂಡು ಬಂದಿದ್ದಳು. ಅಮ್ಮನ ತುಟಿ ನೀಲಿಯಾಗಿತ್ತು. ತಂಗಿ ಮಾತಿಗೆ ನಿಲ್ಲದೆ ಮೊದಲು ಸಿಲಿಂಡರ್ ಜೋಡಿಸಿದಳು. ಆಮೇಲೆ ಯಂತ್ರದತ್ತ ತಿರುಗಿದಳು.

“ಅಣ್ಣಾ, ಮುಚ್ಚಳದ ಮೇಲಿನ ಈ ಕಂಪನಿ ಸೀಲ್ ಹರಿದೋರು ಯಾರು?”

“ನಾನಲ್ಲಮ್ಮಾ! ಬರುವಾಗ್ಲೇ ಹರಿದಿತ್ತು. ನಾಳೆ ರಿಪೇರಿ ಬಂದ್ರೆ ಸೀಲ್ ಬಿಚ್ಚೋ ಕೆಲಸ ಒಂದು ಕಮ್ಮಿ ಆಯ್ತು ಅಂತ ನನಗೂ ಖುಷಿ ಆಯ್ತು.”

“ಭೇಷ್! ಬೀಗ ಒಡೆದ ಮನೆ ನೋಡಿ, ಬಾಗಿಲು ತೆಗೆಯೋ ಕಷ್ಟ ತಪ್ತು ಅಂದ ಹಾಗಾಯ್ತು.”

“ಏಯ್, ನನಗೇ ಪಾಠನಾ? ದೀಪ ಹಸಿರಾಗಿದೆ. ಪರದೆ ಮೇಲೆ ಆಕ್ಸಿಜನ್ ತೊಂಬತ್ಮೂರು ಪರ್ಸೆಂಟ್ ಅಂತಿದೆ. ಇನ್ನೇನು, ಅದು ಬಾಯಿಬಿಟ್ಟು ಹೇಳ್ಬೇಕಾ?”

“ಬಾಯಿಬಿಟ್ಟೇ ಹೇಳ್ತಿದೆ, ಹಸಿ ಸುಳ್ಳು! ನೋಡು ಬಾ.”

ಅವಳು ಚೀಲದಿಂದ ಆಕ್ಸಿಜನ್ ಅಳೆಯುವ ಅಂಗೈಯಗಲದ ಮೀಟರ್ ತೆಗೆದು ಯಂತ್ರದ ನಳಿಗೆಗೆ ಸಿಕ್ಕಿಸಿದಳು. ಯಂತ್ರ ತೊಂಬತ್ಮೂರು ಎನ್ನುತ್ತಲೇ ಇತ್ತು. ಮೀಟರ್ ನಲವತ್ತೊಂದರಲ್ಲಿ ನಿಂತಿತು.

ಸ್ಕ್ರೂ ಅಣ್ಣ ಯಂತ್ರ ಆರಿಸಿ, ಪ್ಲಗ್ ಕಿತ್ತು, ಮುಚ್ಚಳ ಬಿಚ್ಚಿದ. ಒಳಗಿನ ಸರ್ಕ್ಯೂಟ್ ಹಲಗೆಯ ಮೇಲೆ ಉಗುರಿನಷ್ಟು ಚಿಪ್ ಒಂದು. ಅದರ ಮೇಲಿನ ಹೆಸರು ಉಜ್ಜಿ ಅಳಿಸಿತ್ತು.

“ಅಯ್ಯೋ, ಈ ಬೆಸುಗೆ ಕಂಪನಿಯದ್ದಲ್ಲ ಕಣೇ! ಯಾರೋ ಕೈಯಲ್ಲಿ ಹಾಕಿದ್ದು. ನನ್ನ ಕಣ್ಣಿಗೆ ಗೊತ್ತಾಗಲ್ವಾ?”

“ಅದೇ ಅಣ್ಣ. ಆಕ್ಸಿಜನ್ ಇಳಿದರೆ ಕಿರುಚೋ ಚಿಪ್ ಅಲ್ಲಿರಬೇಕಿತ್ತು. ಅದನ್ನ ಕಿತ್ತು, ಏನೇ ಆದ್ರೂ ತೊಂಬತ್ಮೂರು ಅನ್ನು, ಹಸಿರು ತೋರಿಸು ಅಂತ ಕಲಿಸಿರೋ ಚಿಪ್ ಕೂರಿಸಿದ್ದಾರೆ. ಸವೆದ ಯಂತ್ರ ಮಾರೋಕೆ!”

ಅಷ್ಟರಲ್ಲಿ ಅಮ್ಮನ ತುಟಿಗೆ ಬಣ್ಣ ಬಂದಿತ್ತು. “ಜಗಳ ಮುಗೀತಾ? ದೇವರ ದಯೆ, ಈಗ ಇಬ್ಬರನ್ನೂ ಬೈಯೋಕೆ ನನಗೆ ಉಸಿರಿದೆ.”

ಮಗ ನಗಲಿಲ್ಲ. ಸಟ್ಟನೆ ಎದ್ದ. “ಹಿಂದಿನ ಬೀದಿ ಮೇಷ್ಟ್ರೂ ಅದೇ ವ್ಯಾನಿನವನ ಹತ್ರ ತಗೊಂಡಿದ್ದಾರೆ! ಕೊಡು ಆ ಮೀಟರು!”

ಬರಿಗಾಲಲ್ಲೇ ಓಡಿದ. ಮೇಷ್ಟ್ರ ಮನೆಯಲ್ಲೂ ಹಸಿರು ದೀಪ. ಮೀಟರಿನಲ್ಲಿ ಮೂವತ್ತೆಂಟು! ಕುರ್ಚಿಯಲ್ಲಿ ಮೇಷ್ಟ್ರು ತೂಕಡಿಸುತ್ತಿದ್ದರು, ಅದು ನಿದ್ದೆಯಾಗಿರಲಿಲ್ಲ. “ಅಕ್ಕಾ, ಆಂಬುಲೆನ್ಸ್ ಕರೀರಿ!” ಎಂದು ಅವರ ಹೆಂಡತಿಗೆ ಕೂಗಿದ. ಅರ್ಧ ಗಂಟೆಯೊಳಗೆ ಮೇಷ್ಟ್ರು ಆಸ್ಪತ್ರೆಯಲ್ಲಿದ್ದರು. ಸಂಜೆಗೆ ಕಣ್ಣು ತೆರೆದು, “ಏನಯ್ಯಾ, ಚಪ್ಪಲಿ ಎಲ್ಲಿ ನಿಂದು?” ಎಂದರು. ಸ್ಕ್ರೂ ಅಣ್ಣ ಅಲ್ಲಿಂದ ನೇರ ಪೊಲೀಸ್ ಠಾಣೆಗೆ ನಡೆದ.

ಓದುವ ಅಕ್ಕಂದಿರೇ, ಅಣ್ಣಂದಿರೇ, ಚಿಪ್‌ಗೆ ನಾಲಿಗೆಯಿಲ್ಲ. ಕಲಿಸಿದವನ ಮಾತೇ ಅದರ ಮಾತು. ಆದ್ದರಿಂದ ಜೀವ ಕಾಯುವ ಯಂತ್ರವನ್ನು ಗೊತ್ತಿರುವ ಅಂಗಡಿಯಲ್ಲೇ ಕೊಳ್ಳಿ. ಸೀಲ್ ಹರಿದಿದ್ದರೆ ಮುಟ್ಟಬೇಡಿ. ಯಂತ್ರದ ಮೇಲಿನ ನಂಬರನ್ನು ಕಂಪನಿಗೆ ಫೋನ್ ಮಾಡಿ ಓದಿ ಹೇಳಿ, ತಮ್ಮದೇ ಎಂದು ಅವರು ಒಪ್ಪಲಿ. ರಿಪೇರಿಗೆ ಅವರ ಜನರನ್ನೇ ಕರೆಸಿ. ಅನುಮಾನ ಬಂದರೆ, ರೋಗಿಗೆ ಬೇರೆ ಆಕ್ಸಿಜನ್ ಸಿಗುವ ಮೊದಲು ಯಂತ್ರ ಆರಿಸಬೇಡಿ. ಕೂಡಲೇ ಆಸ್ಪತ್ರೆಗೆ ತಿಳಿಸಿ.

ನಿಮ್ಮ ಮನೆಯಲ್ಲೂ ಯಾರಾದರೂ ಯಂತ್ರ ನಂಬಿ ಉಸಿರಾಡುತ್ತಿದ್ದಾರೆಯೇ? ಹಾಗಿದ್ದರೆ ಈ ಹಾಳೆ ಕೆಳಗಿಡಿ. ಎದ್ದು ಹೋಗಿ, ಮೊದಲು ಅವರ ಮುಖ ನೋಡಿ.