ಮನೆಗೊಂದು ರೊಟ್ಟಿ

ಸದ್ದು ಅದು, ಹಿಂದೆ ಟೆಂಪೋದೊಳಗೆ ಬುಟ್ಟಿಯ ರೊಟ್ಟಿ ಒಂದಕ್ಕೊಂದು ಬಡಿಯುವ ಸದ್ದು, ತಗ್ಗು ಬಂದಾಗೊಮ್ಮೆ ಹಲ್ಲು ಕಡಿದಂಗ, ಗುರುಪಾದ ಸ್ಟಿಯರಿಂಗ್ ಬಿಗಿಹಿಡಿದು ಒಂದು ತಗ್ಗು ತಪ್ಪಿಸಿದರೆ ಇನ್ನೊಂದು, ಈ ರಸ್ತೆ ಮಾಡಿದವನ ಮನಿ ಹಾಳಾಗಲಿ — ಮುಂಜಾನೆ ಕಿಣ್ಣಿ ಸುಲ್ತಾನದಿಂದ ಹೊರಟಾಗ ಮೂರೇ ಬುಟ್ಟಿ, ಈಗ ನೋಡಿದರೆ ಸೂರಿಗೆ ಮುಟ್ಯಾವ, ಎಲ್ಲಾ ಖಡಕ್ ರೊಟ್ಟಿ, ತಿಂಗಳಿಟ್ಟರೂ ಕೆಡದ ಬಿಳಿಜೋಳದ ರೊಟ್ಟಿ, ಟೆಂಪೋದ ಮೈಗೆ ಕಟ್ಟಿದ ಬ್ಯಾನರು ಗಾಳಿಗೆ ಫಡಫಡ, ಮನೆಗೊಂದು ರೊಟ್ಟಿ ಮಗುವಿಗೊಂದು ಉಸಿರು, ಯಾವ ಶಾಣ್ಯಾ ಬರೆದನೋ, ಕಾಲೇಜಿನ ಹುಡುಗರು ಇವರು, ರಕ್ತದ ಬ್ಯಾನಿ ಬಿದ್ದ ಸಣ್ಣ ಮಕ್ಕಳನ್ನು ನೋಡುವ ಆ ದೊಡ್ಡ ದವಾಖಾನಿಗೆ ಅಂತ ಊರೂರು ತಿರುಗಾಕತ್ತಾರ, ರೊಕ್ಕ ಅಲ್ಲಿಯ ಸಂಶೋಧನೆಗೆ, ರೊಟ್ಟಿ ಅಲ್ಲಿಯ ಕೂಸುಗಳಿಗೆ, ಮಠದ ದಾಸೋಹಕ್ಕೆ ಕೂಡಿಸಿದಂಗೇ ಕೂಡಿಸಾಕತ್ತಾರ, ಒಬ್ಬನಿಗೂ ಗೊತ್ತಿಲ್ಲ, ಒಬ್ಬನಿಗೂ, ಅಲ್ಲಿಯ ಕೂಸುಗಳ ಬಾಯಿ ಹ್ಯಾಂಗಿರ್ತದಂತ. ಹುಣ್ಣು. ನಾಲಿಗೆಗೆ ಹುಣ್ಣು, ವಸಡಿಗೆ ಹುಣ್ಣು, ಆ ಔಷಧ ಏರಿಸಿದ ಮೇಲೆ ನೀರು ನುಂಗಿದರೂ ಅಳು. ಗುರುಪಾದನಿಗೆ ಗೊತ್ತು, ತಂಗಿ ಭಾಗ್ಯಾಳ ಮಗ್ಗಲಿಗೆ ಎರಡು ತಿಂಗಳು ಕೂತವ ಅವನೇ, ಹೇಳಬೇಕಾಗಿತ್ತು, ಕೀಲಿ ತಿರುವುವಾಗಲೇ ಹೇಳಬೇಕಾಗಿತ್ತು, ಹೇಳಿದ್ದರೆ ನಿನಗ್ಹ್ಯಾಂಗ ಗೊತ್ತಣ್ಣಾ ಅಂತ ಕೇಳ್ತಿದ್ದರು, ಕೇಳಿದರೆ ಉಳಿದದ್ದೂ ಹೇಳಬೇಕು, ಉಳಿದದ್ದನ್ನು ಯಾರಿಗೂ ಹೇಳಿಲ್ಲ, ಅವ್ವಗೂ ಹೇಳಿಲ್ಲ, ಅವ್ವಗಂತೂ — ಅಣ್ಣಾ, ಇನ್ನೊಂದೇ ಊರು, ನೆಲೋಗಿ, ಅಲ್ಲಿಗಿ ಮುಗಿಸಿಬಿಡೂಣು, ಮಗ್ಗಲ ಸೀಟಿನ ಶಾಂಭವಿ ಫೋನಿನಿಂದ ತಲೆ ಎತ್ತದೆ ಅಂದಳು, ಹುಡುಗರಿಗೆಲ್ಲ ಇವಳೇ ಮುಂದಾಳು, ನೆಲೋಗಿ ಅಂದಕೂಡಲೇ ಅವನ ಕಾಲು ತಾನೇ ಬ್ರೇಕಿಗೆ ಹೋಯಿತು, ನಮ್ಮೂರು ಲಿಸ್ಟಿನ್ಯಾಗ ಇರಲಿಲ್ಲಲ್ರಿ, ಇತ್ತಲ್ಲಣ್ಣಾ, ಮುಂಜಾನೆ ಕಾಗದ ಕೊಟ್ಟಿದ್ದೆ, ನೋಡಿಲ್ಲೇನು, ನೋಡಿದ್ದ, ಇಂಗ್ಲಿಷಿನಲ್ಲಿತ್ತು, ಮಡಚಿ ಕಿಸೆಗೆ ಇಟ್ಟಿದ್ದ.

ಇಂಗ್ಲಿಷ್, ಎಲ್ಲಾದಕ್ಕೂ ಇಂಗ್ಲಿಷ್, ಎಂಟನೇತ್ತಕ್ಕೆ ಸಾಲಿ ಬಿಟ್ಟವನ ಕೈಗೆ ಕಾಗದ ಕೊಡುವ ಮುಂಚೆ ಓದಾಕ ಬರ್ತದೇನಂತ ಕೇಳಬಾರದೇನು, ಕೇಳಿದ್ದರೆ ಮೈ ಉರಿದು ಹೋಗ್ತಿತ್ತು ಅದೂ ಖರೆ, ಆ ದವಾಖಾನಿಯಲ್ಲೂ ಭಾಗಿಯ ತಲೆದಿಸೆಗೆ ಗೋಡೆ ಮೇಲೊಂದು ಹಳದಿ ಕಾಗದ ಅಂಟಿಸಿದ್ದರು, ದಿನಾ ನೋಡ್ತಿದ್ದ, ಏನಂತ ಯಾರನ್ನೂ ಕೇಳಲಿಲ್ಲ, ನಾಲ್ಕು ಮಂದಿಯೊಳಗ ಸಣ್ಣವನಾಗ್ತೇನಿ ಅಂತ, ಅವ್ವ ಊರಲ್ಲಿ ಕಳೆ ತೆಗೆಯಲು ಹೋಗಾಕತ್ತಿದ್ದಳು, ಆಕೆ ಕೂಲಿ ಬಿಟ್ಟರೆ ಮೂವರೂ ಉಪವಾಸ, ಊರವರ ಕೈಯಲ್ಲಿ ಗಂಟು ಕಳಿಸಿದಳು, ಹಳೆ ಧೋತರದಲ್ಲಿ ಸುತ್ತಿದ ಖಡಕ್ ರೊಟ್ಟಿ, ವಾಸನೆ ಹಿಡಿದು ಭಾಗಿ ಎದ್ದು ಕೂತಳು, ಎಂಟು ವರ್ಷದ ಹುಡುಗಿ, ತಲೆ ಮೇಲೆ ಒಂದು ಕೂದಲಿಲ್ಲ, ಕೊಡೋ ಅಣ್ಣಾ, ಅವ್ವನ ರೊಟ್ಟಿ ಒಂದೇ ಚೂರು ಕೊಡೋ, ಕೊಟ್ಟ, ಯಾಕ ಕೊಡಬಾರದು, ಅವ್ವನ ರೊಟ್ಟಿ ವಿಷವೇನು, ಕಚ್ಚಿದಳು, ವಸಡಿನಿಂದ ರಕ್ತ, ಅರಿವೆ ಒತ್ತಿದರೂ ನಿಲ್ಲದ ರಕ್ತ, ನರ್ಸಬಾಯಿ ಓಡಿ ಬಂದು ಹಳದಿ ಕಾಗದ ಬಡಿದು ತೋರಿಸಿದಳು, ಮೆತ್ತಂದೇ ಕೊಡ್ರಿ ಅಂತ ಬರದೇವಲ್ರೀ, ಕಣ್ಣಿಲ್ಲೇನ್ರಿ — ಹನ್ನೊಂದು ದಿನಕ್ಕೆ ಹೋದಳು. ಅದರಿಂದಲ್ಲಪಾ, ಬ್ಯಾನಿನೇ ಜೋರಿತ್ತು, ಡಾಕ್ಟರು ಹೆಗಲ ಮೇಲೆ ಕೈಯಿಟ್ಟು ಹೇಳಿದರು, ಡಾಕ್ಟರು ಹೇಳೇ ಹೇಳ್ತಾರ, ಮಣ್ಣು ಕೊಟ್ಟು ಬಂದ ದಿನ ಅವ್ವ ಕೇಳಿದ್ದು ಒಂದೇ ಮಾತು, ನನ್ನ ರೊಟ್ಟಿ ತಿಂದಳೇನಪಾ, ತಿಂದಳವ್ವಾ, ನಕ್ಕೋತ ತಿಂದಳು. ಅವ್ವಗೆ ಉಳಿದದ್ದು ಅದೊಂದೇ ಮಾತು, ನೀರಿಗೆ ಹೋದರೂ ಹೊಲಕ್ಕೆ ಹೋದರೂ ಸಿಕ್ಕವರಿಗೆಲ್ಲ ಅದನ್ನೇ ಹೇಳ್ತಾಳ, ಅದಕ್ಕೇ ಗುರುಪಾದ ಊರಿಗೆ ಹೋಗುವುದು ಬಿಟ್ಟಾನ, ಜೇವರ್ಗಿಯಲ್ಲೇ, ಮಾಲಕ ಜಗದೇವಪ್ಪನ ಇದೇ ಟೆಂಪೋದಲ್ಲೇ ಊಟ, ಇದರಲ್ಲೇ ನಿದ್ದೆ, ಮಾತಾಡಿಸುವವರಿಲ್ಲ, ಬ್ಯಾಡ, ಯಾರು ಬೇಕು. ಹಿಂದೆ ಹುಡುಗರ ನಗೆ, ನಗಾಕೇನು, ಮುಂಜಾನೆ ಗೊಬ್ಬೂರಿನಲ್ಲಿ ಗಾಡಿ ನಿಂತಾಗ ಹೀರಾಬಾಯಿ ಮುದುಕಿ ಏನಂದಳು, ನನ್ನ ರೊಟ್ಟಿ ನಿನ್ನ ಗಾಡಿ ಗಾಜಿಗಿ ಒಗದು ನೋಡಪಾ, ಗಾಜು ಒಡೀತದ, ರೊಟ್ಟಿ ಒಡ್ಯಾಂಗಿಲ್ಲ, ಎಲ್ಲರೂ ಬಿದ್ದು ಬಿದ್ದು ನಕ್ಕರು, ವಿಶ್ವಾರಾಧ್ಯ ಅನ್ನುವವ ಒಂದು ಮುರಿದು ಬಾಯಿಗೆ ಹಾಕಿಕೊಂಡ, ಲೇ ವಿಶ್ಯಾ, ಕೂಸುಗೋಳ ಪಾಲು ತಿಂತೀಯಲೇ, ನಾಚಿಕಿಗೇಡಿ, ಶಾಂಭವಿ ಬೈದಳು, ಚೆಕ್ ಮಾಡಾಕತ್ತೇನಿ ಬೇ, ಹಲ್ಲು ಬಿದ್ದರ ನೀನೇ ಕಟ್ಟಿಸಿಕೊಡು ಅಂದ ಅವ, ಮತ್ತೆ ನಗೆ, ಗುರುಪಾದ ಹೋಗಿ ಟಯರಿಗೆ ಒದ್ದ, ಗಾಳಿ ನೋಡಿದಂಗ.

ಭೀಮಾ ನದಿ ದಾಟಿತು, ತೊಗರಿ ಹೊಲ ಬಂದವು, ಈಗ ಹೇಳು, ಈ ಪೋರಿಗೆ ಈಗಲೇ ಹೇಳು, ಅವ್ವನ ಮುಂದೆ ಹೇಳುವುದಕ್ಕಿಂತ ಬೇಸಿ, ತಂಗೀ ಅಂದ, ಏನಣ್ಣಾ, ಏನಿಲ್ಲ, ಗಾಜು ಏರಿಸ್ರಿ, ಧೂಳ ಬರ್ತದ. ಥೂ ನಿನ್ನ. ಊರ ಹೊರಗೆ ಡಾಂಬರು ರಸ್ತೆಗೇ ನಿಲ್ಲಿಸಿದ, ಒಳಗೆ ಗಾಡಿ ಹೋಗಂಗಿಲ್ಲ ಅಂತ ಸುಳ್ಳು ಹೇಳಿ ಟವೆಲ್ಲು ಮುಖಕ್ಕೆ ಸುತ್ತಿಕೊಂಡ, ವಿಶ್ವಾರಾಧ್ಯ ಮೈಕಿನಲ್ಲಿ ಬರ್ರಿ ತಾಯಂದಿರೇ ಬರ್ರಿ ಅಂತ ಕೂಗಿದ್ದೇ ತಡ, ಹೆಂಗಸರು ಬಂದರು, ಎಲ್ಲರಿಗಿಂತ ಮುಂದೆ ಅವ್ವ, ನಿಂಬೆವ್ವ, ತಲೆ ಮೇಲೆ ಅರಿವೆ ಮುಚ್ಚಿದ ಬುಟ್ಟಿ, ಸೊರಗ್ಯಾಳ, ಕುತ್ತಿಗೆ ನರ ಎದ್ದಾವ, ಮೂರು ದಿನದಿಂದ ಬಡದೇನಿ ತಂಗೀ, ನನ್ನ ಭಾಗಿ ಇದ್ದ ದವಾಖಾನಿ ಅದು, ಅಲ್ಲಿ ಕೂಸುಗೋಳಿಗಿ ಮನಿ ರೊಟ್ಟಿ ಅಂದ್ರ ಜೀವ ನೋಡು, ನನ್ನ ಮಗಳು ನಕ್ಕೋತ ತಿಂದಿದ್ದಳು, ಶಾಂಭವಿಯ ಕಣ್ಣಲ್ಲಿ ನೀರು, ಇದನ್ನ ವಿಡಿಯೋ ಮಾಡ್ಲೇನಬೇ ಯವ್ವಾ, ಮಾಡವ್ವಾ, ಇಡೀ ಜಿಲ್ಲಾ ನೋಡ್ಲಿ, ಎಲ್ಲಾರೂ ಕಳಸ್ಲಿ — ಇಡೀ ಜಿಲ್ಲೆ, ಎಲ್ಲ ಊರಿನ ಅವ್ವಂದಿರು ರೊಟ್ಟಿ ಬಡೀತಾರ, ಆ ವಾರ್ಡಿನ ಎಲ್ಲ ಹಾಸಿಗೆಯ ಕೂಸುಗಳೂ ವಾಸನೆಗೆ ಎದ್ದು ಕೂಡ್ತಾವ, ಕೊಡೋ ಅಣ್ಣಾ ಒಂದೇ ಚೂರು, ಬಂದ್ ಮಾಡ್ರಿ ಆ ಫೋನ ಅಂತ ಯಾರೋ ಒದರಿದರು, ಒದರಿದವ ತಾನೇ, ಟವೆಲ್ಲು ಕೆಳಗೆ ಬಿದ್ದಿತ್ತು, ಕಾಲು ನೆಲದ ಮೇಲಿತ್ತು, ಗುರ್ಯಾ ನೀ ಯಾವಾಗ ಬಂದ್ಯೋ ಅಂತಾಳ ಅವ್ವ, ಅವ್ವಾ ಆ ರೊಟ್ಟಿ ಬ್ಯಾಡವ್ವಾ, ಆ ಕೂಸುಗೋಳ ಬಾಯೆಲ್ಲ ಹುಣ್ಣಿರ್ತದ, ಕಚ್ಚಿದರ ರಕ್ತ, ನಿಲ್ಲಂಗಿಲ್ಲ ರಕ್ತ, ಭಾಗಿ ನಗಲಿಲ್ಲ, ತಿನ್ನಲಿಲ್ಲ, ಒಂದೇ ಸಲ ಕಚ್ಚಿದಳು, ನಾ ಸುಳ್ಳು ಹೇಳಿದೆ, ಕೊಟ್ಟವ ನಾನೇ. ಮೈಕು ಇನ್ನೂ ಹಚ್ಚೇ ಇತ್ತು, ಇಡೀ ಊರು ಕೇಳಿತು. ಬೈಲಿ, ಚಪ್ಪಲಿ ತಗೊಂಡು ಹೊಡೀಲಿ, ಅವ್ವ ಬೈಯಲಿಲ್ಲ, ಬುಟ್ಟಿ ಇಳಿಸಿ ಅದರ ಮಗ್ಗಲಿಗೇ ನೆಲಕ್ಕೆ ಕೂತಳು, ಒಂದು ರೊಟ್ಟಿ ತೆಗೆದಳು, ಎರಡು ಮಾಡಿದಳು, ನಾಲ್ಕು ಮಾಡಿದಳು, ಹಂಚಿನ ಬರೆ ಬಿದ್ದ ಬೆರಳು, ಒಂದು ಚೂರನ್ನು ಮತ್ತೆ ಮುರಿದು ಅಂಗೈ ಮೇಲಿಟ್ಟು ಅವನ ಕಡೆ ಎತ್ತಿದಳು, ಇಷ್ಟು ಸಣ್ಣ ಮಾಡಿ ಕೊಟ್ಟಿದ್ದರ ತಿಂತಿದ್ದಳೇನಪಾ, ಆ ಬೆರಳು ಮತ್ತೆ ಮುರಿಯುತ್ತವೆ, ಅಂಗೈ ಮತ್ತೆ ಏಳುತ್ತದೆ, ಇಷ್ಟು, ಬೆರಳು, ಇನ್ನೂ ಸಣ್ಣ, ಹಿಟ್ಟಾಗುವಷ್ಟು ಸಣ್ಣ, ಅಂಗೈ, ಇಷ್ಟು