ಹೂಂಗುಟ್ಟುವವಳು

ಮಗುವಿನ ಉಸಿರಿಗೆ ದಾರಿ ಮಾಡಲು ಎರಡು ಬಗೆಯ ಆಪರೇಷನ್‌ಗಳಿದ್ದವು; ಒಂದನ್ನು ಆರಿಸಬೇಕಿತ್ತು. ಡಾಕ್ಟರು ಮಗುವಿನ ಅಜ್ಜಿಗೆ ಹಾಳೆಯ ಮೇಲೆ ಎರಡನ್ನೂ ಬರೆದು ತೋರಿಸಿದರು. ಮೊದಲನೆಯದರಲ್ಲಿ ಜೊಲ್ಲು ಶ್ವಾಸಕೋಶಕ್ಕೆ ಇಳಿಯುವ ಭಯ ಉಳಿಯುತ್ತದೆ. ಎರಡನೆಯದರಲ್ಲಿ ಆ ಭಯವಿಲ್ಲ, ಆದರೆ ದನಿ ಪೂರ್ತಿ ಹೋಗುತ್ತದೆ.

"ಮಿದುಳಿಗೆ ಪೆಟ್ಟಾಗಿದೆ. ಹೇಗೂ ಮಾತು ಬರಲ್ವಲ್ಲ," ಎಂದರು.

"ಯಾರು ಹೇಳಿದ್ದು?" ಅಜ್ಜಿ ರೇಗಿದಳು. "ನಾನು ಕಥೆ ಹೇಳಿದ್ರೆ ಹೂಂಗುಟ್ತಾಳೆ!"

ಡಾಕ್ಟರಿಗೆ ಕುತೂಹಲ ತಡೆಯಲಾಗಲಿಲ್ಲ. ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡರು. "ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ."

ಮಗು ಸುಮ್ಮನಿತ್ತು.

"ಅಷ್ಟಕ್ಕೆಲ್ಲ ಅವಳು ಹೂಂ ಅನ್ನಲ್ಲ. ಅವನ ಮೂಗನ್ನ ಕಪ್ಪೆ ಕಚ್ಕೊಂಡು ಹೋಯ್ತು ಅನ್ನಿ."

ಡಾಕ್ಟರು ಹಾಗೇ ಅಂದರು.

ಕಫದ ಗೊರಗೊರದ ನಡುವಿನಿಂದ ಸಣ್ಣದಾಗಿ ಬಂತು: "ಊಹೂಂ."

"ಹಾಗಾದ್ರೆ ಯಾರು ಕಚ್ಕೊಂಡು ಹೋಗಿದ್ದು?" ಡಾಕ್ಟರು ಮೊದಲ ಸಲ ಮಗುವನ್ನೇ ಕೇಳಿದರು.